ವಜ್ರವಲ್ಲಿಗೆ ಡೂಪ್ ಇರಲಿಲ್ಲ

ಸಿನಿಮಾದವರ ವಿಷಯ ನನಗೆ ಗೊತ್ತಿರುವಷ್ಟು ಸೂಳಗಿರಿಯಲ್ಲಿ ಇನ್ನಾರಿಗೂ ಗೊತ್ತಿಲ್ಲ. ಅದರಲ್ಲಿ ಮುಕ್ಕಾಲು ಪಾಲನ್ನು ಹುಟ್ಟಿಸಿದವನು ನಾನೇ.

ಹನುಮಯ್ಯನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಕೂತು ಮೂವತ್ತು ವರ್ಷದಿಂದ ಹೇಳುತ್ತಾ ಬಂದಿದ್ದೇನೆ. ಮದ್ರಾಸಿನ ಒಬ್ಬ ಹೀರೋ ರೈಲಿನಲ್ಲಿ ಹೋಗುವಾಗ ಅವನ ಸುಳ್ಳುಕೂದಲಿನ ಟೋಪನ್ನಿಗೆ ಬೇರೆ ಬರ್ತು ಬುಕ್ ಮಾಡುತ್ತಾರೆ. ಕೆಳಗಿನ ಬರ್ತೇ ಆಗಬೇಕು, ಮೇಲಿನದಾದರೆ ಟೋಪನ್ನಿಗೆ ನಿದ್ದೆ ಬರುವುದಿಲ್ಲ. ಪರದೆಯ ಮೇಲೆ ನೂರು ತಲೆ ಕಡಿದ ಒಬ್ಬ ವಿಲನ್, ಮನೆಯಲ್ಲಿ ಬೀಟ್‌ರೂಟ್ ಹೆಚ್ಚಿದರೆ ಸಾಕು, ಹೊಸಿಲ ಮೇಲೆ ಬಿದ್ದುಬಿಡುತ್ತಾನೆ. ಒಬ್ಬ ಹಾಸ್ಯನಟ ಹನ್ನೊಂದು ವರ್ಷದಿಂದ ಮನೆಯಲ್ಲಿ ನಕ್ಕಿಲ್ಲ. ಒಮ್ಮೆ ಮರೆತು ನಕ್ಕನಂತೆ, ಹೆಂಡತಿ ಡಾಕ್ಟರನ್ನು ಕರೆಸಿದಳಂತೆ. ಒಬ್ಬ ಗಾಯಕಿಯ ಕೆಮ್ಮು ಕೂಡ ಶ್ರುತಿಯಲ್ಲೇ ಇರುವುದರಿಂದ ಅದನ್ನು ಮೂರು ಪಿಕ್ಚರಿನಲ್ಲಿ ಹಿನ್ನೆಲೆಗೆ ಹಾಕಿಕೊಂಡಿದ್ದಾರೆ.

ಇದನ್ನೆಲ್ಲ ಯಾರೂ ನಂಬುವುದಿಲ್ಲ. ಆದರೂ ಹನುಮಯ್ಯ ನನಗೆ ಶೇವಿಂಗಿಗೆ ಕಾಸು ಕೇಳುವುದಿಲ್ಲ. ಮುನೀಂದ್ರ, ಅಂದರೆ ನಾನು, ಕೂತು ಮಾತಾಡುತ್ತಿದ್ದರೆ ಗಿರಾಕಿಗಳು ತಲೆ ಅಲ್ಲಾಡಿಸದೆ ಕೂತಿರುತ್ತಾರೆ, ಕಿವಿ ಕುಯ್ಯುವ ಭಯವಿಲ್ಲ ಎನ್ನುವುದು ಅವನ ಲೆಕ್ಕ.

ನಾನು ಹೇಳಿದ್ದರಲ್ಲಿ ನಿಜ ಒಂದೇ ಒಂದು. ಅದನ್ನು ಹೇಳಬೇಕಾದ ದಿನ ನಾನು ಹೇಳಲಿಲ್ಲ.

ವಜ್ರವಲ್ಲಿ ಎನ್ನುವ ನಟಿ ಗೊತ್ತಲ್ಲ, ಹೋದ ವರ್ಷ ತೀರಿಕೊಂಡಳಲ್ಲ, ಆಕೆಯ ವಿಷಯ. ತಮಿಳು, ತೆಲುಗು, ಕನ್ನಡ ಮೂರರಲ್ಲೂ ಪೊಲೀಸ್ ಡ್ರೆಸ್ ಹಾಕಿ ಗಂಡಸರನ್ನು ಒದ್ದವಳು. ಆಕೆಯ ವಿಷಯದಲ್ಲಿ ಊರಿಗೆಲ್ಲ ಗೊತ್ತಿದ್ದ ಸಂಗತಿ ಎಂದರೆ ಆಕೆ ಎಂದೂ ಡೂಪ್ ಹಾಕಿಸಲಿಲ್ಲ, ಬೆಂಕಿಯಾಗಲಿ ಬಂಡೆಯಾಗಲಿ ತಾನೇ ನೆಗೆಯುತ್ತಿದ್ದಳು ಎನ್ನುವುದು. ಪೋಸ್ಟರಿನಲ್ಲೇ ಹಾಗೆ ಹಾಕುತ್ತಿದ್ದರು.

ಅದು ಸುಳ್ಳು. ನಮ್ಮೂರಿನ ಆಚೆಯ ಬಂಡೆಯ ಮೇಲಿಂದ ನೆಗೆದವಳು ಕೊಂಡಮ್ಮ.

ಮೂವತ್ತು ವರ್ಷದ ಹಿಂದಿನ ಮಾತು. ಆಗ ನನ್ನ ಹತ್ತಿರ ಟ್ರ್ಯಾಕ್ಟರ್ ಇತ್ತು. ಶೂಟಿಂಗಿನವರು ಬಂದು ಎರಡು ಲೋಡು ಭತ್ತದ ಹುಲ್ಲು ಬೇಕು ಎಂದರು, ಹೊಡೆದುಕೊಟ್ಟೆ. ನೆಗೆಯುವ ಜಾಗದಲ್ಲಿ ಅಟ್ಟೆಯ ಡಬ್ಬಗಳನ್ನು, ಅದೇ ರಟ್ಟಿನ ಪೆಟ್ಟಿಗೆಗಳನ್ನು, ಜೋಡಿಸಿ, ಅದರ ಮೇಲೆ ಹುಲ್ಲು ಹರಡಿ, ಮೇಲೊಂದು ಹಾಸಿಗೆ ಹಾಕುವುದು ಅವರ ಪದ್ಧತಿ. ಒಂದು ಸಲ ಯಾರಾದರೂ ಬಿದ್ದರೆ ಹುಲ್ಲು ಅಮರಿ ಚಪ್ಪಟೆಯಾಗಿಬಿಡುತ್ತದೆ. ಆಗ ಡಬ್ಬ ಬದಲಿಸಿ, ಕವೆಕೋಲಿನಿಂದ ಹುಲ್ಲನ್ನು ಎತ್ತಿ ಉದುರಿಸಿ ಮತ್ತೆ ಉಬ್ಬಿಸಬೇಕು. ಆ ಕೆಲಸಕ್ಕೆ ನನ್ನನ್ನೇ ಇಟ್ಟುಕೊಂಡರು. ದಿನಕ್ಕೆ ಐವತ್ತು ರೂಪಾಯಿ, ಮಧ್ಯಾಹ್ನ ಮೊಟ್ಟೆ ಊಟ.

ಕೊಂಡಮ್ಮ ನೀರು ಹೊರಲು ಬಂದಿದ್ದಳು. ನೋಡಲು ಬಂದವರನ್ನು ರಸ್ತೆಯಲ್ಲೇ ತಡೆಯುತ್ತಿದ್ದರು, ಒಳಗಿದ್ದ ನಮ್ಮೂರಿನವರು ನಾವಿಬ್ಬರೇ. ನಮ್ಮ ಬೀದಿಯ ಚಿನ್ನಪ್ಪನ ಹೆಂಡತಿ. ಹುಟ್ಟಿದ್ದು ಗುಮ್ಮಳಾಪುರದ ಕಡೆ, ಆಡು ಕಾಯುತ್ತಾ ಬಂಡೆಯಿಂದ ಬಂಡೆಗೆ ಹಾರಿ ಬೆಳೆದವಳು. ಎರಡು ವರ್ಷದ ಹೆಣ್ಣುಕೂಸು ಸುಗುಣಾಳನ್ನು ಅತ್ತೆಯ ಹತ್ತಿರ ಬಿಟ್ಟು, ಗಂಡನಿಗೆ ತೌರಿಗೆ ಹೋಗುತ್ತೇನೆಂದು ಹೇಳಿ ಬಂದಿದ್ದಳು. ಶೂಟಿಂಗ್ ಎಂದರೆ ಚಿನ್ನಪ್ಪ ಬಿಡುತ್ತಿರಲಿಲ್ಲ. ಆಕೆಗೆ ಪಿಕ್ಚರಿನವರನ್ನು ಒಂದು ಸಲ ಹತ್ತಿರದಿಂದ ನೋಡಬೇಕು ಎಂದಿತ್ತು, ಅಷ್ಟೆ.

ಶಿವರಾತ್ರಿಯ ಮಾರನೆ ದಿನ. ವಜ್ರವಲ್ಲಿ ತನ್ನ ಮುಖದ ಶಾಟುಗಳನ್ನೆಲ್ಲ ಹಿಂದಿನ ದಿನವೇ ಮುಗಿಸಿ, ಬೆಳಗಿನ ಜಾವವೇ ಕಾರಿನಲ್ಲಿ ಮದ್ರಾಸಿಗೆ ಹೊರಟುಹೋಗಿದ್ದಳು. ನೆಗೆಯಬೇಕಾದ ಡೂಪ್ ಹುಡುಗಿ ಬಂಡೆಯ ತುದಿಯಿಂದ ಕೆಳಗೆ ನೋಡಿ, ಮೂರಾಳೆತ್ತರ ಎಂದು ತಿಳಿದು, ಅಲ್ಲೇ ಕೂತು ವಾಂತಿ ಮಾಡಿಕೊಂಡಳು. ಸ್ಟಂಟ್ ಮಾಸ್ಟರು ತಲೆ ಮೇಲೆ ಕೈ ಹೊತ್ತರು. ಅಷ್ಟರಲ್ಲಿ ನೀರಿನ ಬಿಂದಿಗೆ ಹೊತ್ತ ಒಬ್ಬಳು, ಸುತ್ತುದಾರಿ ಯಾಕೆಂದು ಬಂಡೆಯಿಂದ ಬಂಡೆಗೆ ಕಾಲಿಡುತ್ತಾ ನೀರು ತುಳುಕಿಸದೆ ಇಳಿದು ಬಂದಳು. ಅದೇ ಎತ್ತರ, ಅದೇ ಮೈಕಟ್ಟು. ಮಾಸ್ಟರು ಅವಳನ್ನೇ ನೋಡುತ್ತಾ ನಿಂತರು.

ಪೊಲೀಸ್ ಡ್ರೆಸ್ ಹಾಕಿಸಿದರು. ಬೂಟು ಬೇಡ, ಕತೆಯಲ್ಲಿ ಬೂಟು ಆಗಲೇ ಹೊಳೆಯಲ್ಲಿ ಕೊಚ್ಚಿಹೋಗಿದೆ ಎಂದರು. ಬರಿಗಾಲಿನಲ್ಲಿ ಕೊಂಡಮ್ಮ ನೆಗೆದಳು. ಹಕ್ಕಿ ಕೂತಂತೆ ಬಂದು ಕೂತಳು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಆಗ ಕ್ಯಾಮರಾದವನು ಕಾಲುಂಗುರ ಮಿಂಚಿತು ಎಂದ. ಕತೆಯಲ್ಲಿ ಪೊಲೀಸ್ ಹುಡುಗಿಗೆ ಇನ್ನೂ ಮದುವೆಯಾಗಿಲ್ಲ. ತೆಗೆದುಬಿಡಮ್ಮ, ಇನ್ನೊಂದು ಸಲ ಹೋಗೋಣ ಎಂದರು. ಕೊಂಡಮ್ಮ ತೆಗೆಯಲಿಲ್ಲ. ಗಂಡ ಬದುಕಿರುವಾಗ ಕಾಲುಂಗುರ ಹೇಗೆ ತೆಗೆಯುವುದು, ಬೇಕಾದರೆ ಇನ್ನೂ ಹತ್ತು ಸಲ ನೆಗೆಯುತ್ತೇನೆ, ಅದೊಂದು ಬೇಡ ಎಂದಳು. ಮೇಕಪ್ಪಿನವರು ಮಾತಾಡಿ ಸೋತು, ಕಾಲ್ಬೆರಳಿಗೆ ಮೈಬಣ್ಣದ ಪ್ಲಾಸ್ಟರು ಸುತ್ತಲು ಕೂತರು.

ಅದು ಮುಗಿಯುವಷ್ಟರಲ್ಲಿ ನಾನು ಹುಲ್ಲು ಉಬ್ಬಿಸಬೇಕಿತ್ತು. ನಾನು ಹುಣಸೆಮರದ ಕೆಳಗೆ ಲೈಟಿನವರ ನಡುವೆ ನಿಂತಿದ್ದೆ. ಕೈಯಲ್ಲಿ ಕವೆಕೋಲು ಇತ್ತು. ಆ ವಿಲನ್ನಿನ ಬೀಟ್‌ರೂಟಿನ ಕತೆ ಅವತ್ತೇ ಹುಟ್ಟಿದ್ದು. ಸಿನಿಮಾದವರಿಗೇ ಸಿನಿಮಾದವರ ಕತೆ ಹೇಳಿ ನಗಿಸುತ್ತಿದ್ದೇನಲ್ಲ ಎಂದು ನನಗೆ ನೆಲ ಕಾಣುತ್ತಿರಲಿಲ್ಲ. ಹಿಂದಿನಿಂದ ವಿಷಲ್ ಕೇಳಿಸಿತು. ತಿರುಗುವಷ್ಟರಲ್ಲಿ ಅವಳು ಗಾಳಿಯಲ್ಲಿದ್ದಳು.

ಪಿಕ್ಚರಿನಲ್ಲಿ ಇರುವುದು ಆ ಎರಡನೆಯ ನೆಗೆತವೇ. ನೆಲ ಮುಟ್ಟುವ ಮುಂಚೆ ಕತ್ತರಿಸಿದ್ದಾರೆ.

ಸೊಂಟದ ಮೂಳೆ ಹೋಗಿತ್ತು. ಕೃಷ್ಣಗಿರಿಯ ಒಂದು ಆಸ್ಪತ್ರೆಗೆ ಹಾಕಿದರು. ವಜ್ರವಲ್ಲಿಗೆ ಡೂಪ್ ಎನ್ನುವ ಮಾತು ಹೊರಬೀಳಬಾರದು ಎಂದು ಕಂಪನಿಯ ಮ್ಯಾನೇಜರು ಚೀಟಿಯಲ್ಲಿ ‘ಬಾವಿಗೆ ಬಿದ್ದದ್ದು’ ಎಂದು ಬರೆಸಿದ. ಇಪ್ಪತ್ತೆರಡು ದಿನ ಅಲ್ಲೇ ಮಲಗಿದ್ದಳು. ಉಟ್ಟು ಬಂದಿದ್ದ ಸೀರೆ ಶೂಟಿಂಗಿನ ಗಲಾಟೆಯಲ್ಲಿ ಎಲ್ಲಿ ಹೋಯಿತೋ, ಅವರೇ ಒಂದು ಮಿರಮಿರ ಮಿಂಚುವ ಹೊಸ ಸೀರೆ ಕೊಡಿಸಿ, ಕಪ್ಪು ಗಾಜಿನ ಕಾರಿನಲ್ಲಿ ತಂದು ಊರ ಬಾಗಿಲಲ್ಲಿ ಇಳಿಸಿ ಹೋದರು. ಒಳ್ಳೆಯದು ಮಾಡುತ್ತಿದ್ದೇವೆ ಎಂದೇ ಅವರು ತಿಳಿದಿದ್ದರು.

ತೌರಿಗೆ ಹೋಗುತ್ತೇನೆಂದು ಹೋದವಳು, ತೌರಿಗೆ ಹೋಗದವಳು, ಮೂರು ವಾರ ಬಿಟ್ಟು ಹೊಸ ಸೀರೆ ಉಟ್ಟು ಕಾರಿನಿಂದ ಕುಂಟುತ್ತಾ ಇಳಿದರೆ ಊರು ಏನು ಹೇಳುತ್ತದೆ? ಹೇಳಿತು.

ಕೊಂಡಮ್ಮ ಗಂಡನಿಗೆ ನಡೆದದ್ದನ್ನೆಲ್ಲ ಹೇಳಿದಳು, ನನ್ನ ಹೆಸರನ್ನೂ ಹೇಳಿದಳು. ಚಿನ್ನಪ್ಪ ಕೆಟ್ಟವನಲ್ಲ. ಸೀದಾ ನಮ್ಮ ಮನೆಗೆ ಬಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತ. ನಾನು ಕೊಟ್ಟ ನೀರು ಕುಡಿದ. ಆಮೇಲೆ ಕೇಳಿದ:

"ಮುನೀಂದ್ರ, ನನ್ ಹೆಂಡ್ರು ಬಂಡೆ ಮೇಲಿಂದ ನೆಗೆದ್ಲಂತೆ. ನೀನು ಅಲ್ಲೇ ಇದ್ಯಂತೆ. ಹೌದಾ?"

ಹೌದು ಎಂದರೆ ಮುಂದಿನ ಪ್ರಶ್ನೆ ಹುಲ್ಲಿನದು.

"ನಾನು ಹುಲ್ಲು ಇಳಿಸ್ಬುಟ್ಟು ಹಂಗೇ ಬಂದ್ಬುಟ್ಟೆ ಕಣಣ್ಣ," ಎಂದೆ. "ನಂಗೊತ್ತಿಲ್ಲ."

ಆ ಒಂದು ಮಾತನ್ನು ನಾನು ಬಣ್ಣ ಹಚ್ಚದೆ ಹೇಳಿದೆ. ಅದಕ್ಕೇ ಇರಬೇಕು, ಜೀವನದಲ್ಲಿ ಒಬ್ಬ ಮನುಷ್ಯ ನನ್ನನ್ನು ಪೂರ್ತಿ ನಂಬಿದ್ದು ಅದೊಂದೇ ಸಲ.

ಚಿನ್ನಪ್ಪ ಹೆಂಡತಿಯನ್ನು ಹೊಡೆಯಲಿಲ್ಲ, ಮನೆಯಿಂದ ಹೊರಗೂ ಹಾಕಲಿಲ್ಲ. ಅವಳ ಕೈಯ ಅನ್ನ ಬಿಟ್ಟ. ಬಿಟ್ಟವನು ಸಾಯುವವರೆಗೂ ಮುಟ್ಟಲಿಲ್ಲ. ಅವಳು ಸಗಣಿ ಬಾಚಬಹುದು, ಹಸು ಕರೆಯಬಹುದು, ರಾಗಿ ಬೀಸಬಹುದು, ಒಲೆಗೆ ಪಾತ್ರೆ ಇಡುವ ಹಾಗಿಲ್ಲ. ಮೊದಲು ಅವನ ತಾಯಿ ಬೇಯಿಸಿದಳು. ಮುದುಕಿ ಸತ್ತಾಗ ಸುಗುಣಾಗೆ ಏಳು ವರ್ಷ. ಮಾರನೆ ದಿನದಿಂದ ಆ ಮಗು ಬೇಯಿಸಿತು. ಅಪ್ಪನ ಒಲೆ ಒಳಗೆ, ಕೊಂಡಮ್ಮನ ಮೂರು ಕಲ್ಲು ಹಿತ್ತಿಲಲ್ಲಿ. ಮಗಳೂ ಅಪ್ಪನ ಕಡೆಯೇ ಕೂತು ಉಂಡಳು. ಇಸ್ಕೂಲು ಐದನೆ ಕ್ಲಾಸಿಗೆ ನಿಂತಿತು. ಏಳು ವರ್ಷದ ಹಿಂದೆ ಚಿನ್ನಪ್ಪ ತೀರಿಕೊಂಡ. ಅವನ ಬಾಯಿಗೆ ಕೊನೆಯ ನೀರು ಬಿಟ್ಟವಳು ಸುಗುಣಾ. ಕೊಂಡಮ್ಮ ಬಾಗಿಲ ಹತ್ತಿರ ನಿಂತಿದ್ದಳು.

ನಾನು ಒಂದು ವರ್ಷ ಬಿಟ್ಟು, ಭಯ ಆರಿದ ಮೇಲೆ, ಕಟಿಂಗ್ ಶಾಪಿನಲ್ಲಿ ಬಾಯಿ ಬಿಟ್ಟೆ. ವಜ್ರವಲ್ಲಿಗೆ ನೆಗೆದದ್ದು ನಮ್ಮ ಕೊಂಡಮ್ಮ ಎಂದೆ. ಟೋಪನ್ನಿನ ಕತೆ ಮುಗಿದ ಹಿಂದೆಯೇ ಹೇಳಿದ್ದರಿಂದ ಎಲ್ಲರೂ ನಕ್ಕರು. ಇದು ಟೋಪನ್ನಿನಷ್ಟು ಚೆನ್ನಾಗಿಲ್ಲ ಎಂದರು. ಹುಲ್ಲಿನ ವಿಷಯ ಅಲ್ಲಿಯೂ ಬಿಟ್ಟಿದ್ದೆ.

ಹೋದ ವರ್ಷ ವಜ್ರವಲ್ಲಿ ತೀರಿಕೊಂಡಾಗ ಟೀವಿಯಲ್ಲಿ ಆ ನೆಗೆತವನ್ನು ದಿನಕ್ಕೆ ಇಪ್ಪತ್ತು ಸಲ ತೋರಿಸಿದರು. ಡೂಪ್ ಇಲ್ಲದೆ ನೆಗೆದ ವೀರನಾರಿ ಎಂದು ಕೆಳಗೆ ಓಡುತ್ತಿತ್ತು. ಕೊಂಡಮ್ಮನ ಮನೆಯಲ್ಲಿ ಟೀವಿ ಇಲ್ಲ. ನಮ್ಮ ಮನೆಗೆ ಬಂದು, ನೆಲದ ಮೇಲೆ ಕೆಟ್ಟ ಕಾಲು ಚಾಚಿ ಕೂತು ನೋಡಿದಳು. ಮೂರನೆಯ ಸಲ ತೋರಿಸಿದಾಗ, ಕೈ ಇನ್ನಷ್ಟು ಅಗಲಕ್ಕೆ ಬಿಡಬೇಕಿತ್ತು ಎಂದಳು.

ಸುಗುಣಾ ಈಗ ಹೊಸೂರಿನಲ್ಲಿದ್ದಾಳೆ. ಮೋಟಾರು ಬಿಡಿಭಾಗ ಮಾಡುವ ಕಂಪನಿಯಲ್ಲಿ ಕೆಲಸ. ಗಂಡ, ಒಂದು ಹೆಣ್ಣುಮಗು. ತಿಂಗಳಿಗೊಂದು ಸಲ ಬಂದು ಅಮ್ಮನಿಗೆ ಮಾತ್ರೆ, ಸೋಪು ಕೊಟ್ಟು, ಜಗುಲಿಯಲ್ಲೇ ನಿಂತು ಹೋಗುತ್ತಾಳೆ. ನೀರು ಕೂಡ ಬಾಟಲಿಯಲ್ಲಿ ತಂದುಕೊಳ್ಳುತ್ತಾಳೆ. ಮೊಮ್ಮಗಳಿಗೆ ಕೊಂಡಮ್ಮ ಒಮ್ಮೆ ಸಜ್ಜಪ್ಪ ಮಾಡಿ ಕೊಟ್ಟಾಗ, ಮಗುವಿನ ಕೈಯಿಂದ ಅದನ್ನು ತೆಗೆದು ಕಿಟಕಿಯಲ್ಲಿಟ್ಟು ಹೋದಳು. ಸಿಟ್ಟಿನಿಂದಲ್ಲ. ಚಿಕ್ಕಂದಿನಿಂದ ಅದೇ ಅಭ್ಯಾಸ.

ಅದೇ ಕಂಪನಿಯಲ್ಲಿ ಯುವರಾಜ್ ಎನ್ನುವವನಿದ್ದಾನೆ. ಕೆಲಸ ಮುಗಿದ ಮೇಲೆ ಮೊಬೈಲಿನಲ್ಲಿ ಚಾನೆಲ್ ನಡೆಸುತ್ತಾನೆ, ಸಿನಿಮಾ ತಾರೆಯರ ಬಗ್ಗೆ ನಿಮಗೆ ತಿಳಿಯದ ಸಂಗತಿಗಳು ಎಂದು. ನನ್ನ ಹಾಗೆಯೇ, ಆದರೆ ಅವನು ವಿಚಾರಿಸಿ ಹಾಕುತ್ತಾನೆ. ಊಟದ ಹೊತ್ತಿನಲ್ಲಿ ಯಾರೋ ವಜ್ರವಲ್ಲಿಯ ಮಾತು ತೆಗೆದಾಗ, ಸುಗುಣಾ ನಗುತ್ತಾ, ನಮ್ಮಮ್ಮ ಅದು ತಾನೇ ಅಂತ ಹೇಳಿಕೊಂಡು ಬಂದಿದ್ದಾಳೆ ಎಂದಳಂತೆ. ಯುವರಾಜ್ ನಗಲಿಲ್ಲ. ಬರುತ್ತೇನೆ ಎಂದ. ಸುಗುಣಾ ಅಮ್ಮನಿಗೆ ಫೋನು ಮಾಡಿ ಹೇಳಿದಳು: ಅವನು ಎಲ್ಲಾ ಕೇಳಿ ನೋಡಿಯೇ ಹಾಕುವುದು, ಅವನ ವಿಡಿಯೋದಲ್ಲಿ ಬಂದರೆ ನಾನು ನಂಬುತ್ತೇನೆ. ನಂಬಿದರೆ ಭಾನುವಾರ ಮಗುವನ್ನು ಕರೆದುಕೊಂಡು ಬಂದು ನಿನ್ನ ಕೈಯಲ್ಲಿ ಉಂಡು ಹೋಗುತ್ತೇನೆ.

ಕೊಂಡಮ್ಮ ಅವತ್ತೇ ನನ್ನ ಹತ್ತಿರ ಬಂದಳು. ಮೂವತ್ತು ವರ್ಷದಲ್ಲಿ ಆ ವಿಷಯ ಹಿಡಿದು ಬಂದದ್ದು ಅದೇ ಮೊದಲು. ಚಿನ್ನಪ್ಪನಿಗೆ ನಾನು ಏನು ಹೇಳಿದೆ ಎಂದು ಅವಳಿಗೆ ಗೊತ್ತು. ಅದನ್ನು ಎತ್ತಲಿಲ್ಲ.

"ನೋಡಿರೋನು ನೀನೊಬ್ನೇ ಉಳ್ದಿರೋದು ಮುನೀಂದ್ರಣ್ಣ," ಎಂದಳು. "ಇದ್ದಿದ್ದು ಇದ್ದಂಗೆ ಹೇಳು. ಏನೂ ಸೇರಿಸ್ಬೇಡ."

ಸೇರಿಸುವುದಿಲ್ಲ ಎಂದೆ. ದೇವರ ಮೇಲೆ ಆಣೆ ಇಟ್ಟೆ. ಆಣೆಯನ್ನು ನಾನು ಆಗಾಗ ಇಡುವುದರಿಂದ ಅದಕ್ಕೆ ಅವಳು ಹೆಚ್ಚು ಬೆಲೆ ಕೊಟ್ಟಂತೆ ಕಾಣಲಿಲ್ಲ.

ಯುವರಾಜ್ ಬಂದು ಮೊಬೈಲನ್ನು ಕಾಲುಗಳಿರುವ ಒಂದು ಕಂಬಕ್ಕೆ ಸಿಕ್ಕಿಸಿ ಜಗುಲಿಯ ಮುಂದೆ ನಿಲ್ಲಿಸಿದ. ಕೊಂಡಮ್ಮ ಒಗೆದ ಸೀರೆ ಉಟ್ಟು ಕೂತಿದ್ದಳು. ನಾನು ಪಕ್ಕದಲ್ಲಿ. ಹತ್ತು ನಿಮಿಷ ನಾನು ನಿಜವನ್ನೇ ಹೇಳಿದೆ. ಶಿವರಾತ್ರಿಯ ಮಾರನೆ ದಿನ ಎಂದೆ. ಎರಡು ಲೋಡು ಹುಲ್ಲು, ಅಟ್ಟೆಯ ಡಬ್ಬ, ವಾಂತಿ ಮಾಡಿದ ಹುಡುಗಿ, ಕಾಲುಂಗುರ, ಪ್ಲಾಸ್ಟರು ಎಲ್ಲ ಹೇಳಿದೆ. ಕಾಲುಂಗುರದ ಮಾತಿಗೆ ಯುವರಾಜನ ಮುಖ ಅರಳಿತು. ನಿಜ ಹೇಳುವುದು ಇಷ್ಟು ಸುಲಭವೇ ಎಂದು ನನಗೇ ಆಶ್ಚರ್ಯವಾಯಿತು.

ಆಗ ಅವನು ಕೇಳಿದ:

"ಮೊದಲ್ನೇ ಸಲ ಏನೂ ಆಗ್ಲಿಲ್ಲ. ಅದೇ ಬಂಡೆ, ಅದೇ ಅಮ್ಮ. ಎರಡ್ನೇ ಸಲ ಯಾಕಣ್ಣ ಪೆಟ್ಟಾಯ್ತು?"

ಕೊಂಡಮ್ಮ ನನ್ನ ಕಡೆ ತಿರುಗಿದಳು. ಸುಮ್ಮನೆ ನೋಡಿದಳು, ಬಸ್ಸು ಬಂತೇ ಎಂದು ರಸ್ತೆ ನೋಡುವ ಹಾಗೆ.

"ಚಿರತೆ," ಎಂದೆ.

ಅದು ಎಲ್ಲಿಂದ ಬಂತೋ ನನಗೆ ಗೊತ್ತಿಲ್ಲ. ಬಂದ ಮೇಲೆ ಅದನ್ನು ಅರ್ಧಕ್ಕೆ ಬಿಡಲು ಆಗಲಿಲ್ಲ. ಬಂಡೆಯ ಸಂದಿಯಿಂದ ಚಿರತೆ ಬಂತು, ಅವಳು ಗಾಳಿಯಲ್ಲಿರುವಾಗಲೇ ಅದನ್ನು ಕಂಡಳು, ಮೈ ತಿರುಗಿತು, ಹುಲ್ಲಿನ ಆಚೆ ಬಿದ್ದಳು ಎಂದೆ. ಆಮೇಲೆ ಎಂದ ಯುವರಾಜ್. ಆಮೇಲೆ ಎಂದು ಯಾರಾದರೂ ಕೇಳಿದರೆ ನಾನು ಇಲ್ಲ ಎಂದವನಲ್ಲ. ಆಮೇಲೆ ವಜ್ರವಲ್ಲಿಯೇ ಓಡಿ ಬಂದಳು, ಮೈಮೇಲಿನ ರೇಷ್ಮೆ ಸೀರೆಯ ಸೆರಗು ಹರಿದು ಕಟ್ಟಿದಳು, ಇವಳ ತಲೆ ತನ್ನ ತೊಡೆಯ ಮೇಲಿಟ್ಟುಕೊಂಡು ಕೃಷ್ಣಗಿರಿಯವರೆಗೂ ಅಳುತ್ತಾ ಹೋದಳು, ನನ್ನ ಪ್ರಾಣ ಉಳಿಸಿದ ತಂಗಿ ಎಂದಳು. ಹೇಳುತ್ತಾ ಹೇಳುತ್ತಾ ನನ್ನ ಕಣ್ಣಲ್ಲೇ ನೀರು ಬಂತು. ಹುಲ್ಲು ಉಬ್ಬಿಸದೆ ಬಿಟ್ಟದ್ದು ಎಲ್ಲಿಯೂ ಬರಲಿಲ್ಲ.

ಯುವರಾಜ್ ಹೌದೇನಮ್ಮ ಎಂದು ಅವಳನ್ನು ಕೇಳಿದ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. ಇಲ್ಲ ಎಂದರೆ ಅಲ್ಲಿಯವರೆಗೆ ಹೇಳಿದ್ದೂ ಬಿದ್ದುಹೋಗುತ್ತದೆ ಎಂದು ಅವಳಿಗೆ ತಿಳಿಯಿತು.

"ಅಣ್ಣ ಹೇಳಿದ್ಮೇಲೆ ಆಯ್ತಲ್ಲಪ್ಪ," ಎಂದಳು.

ಗುರುವಾರ ಬೆಳಿಗ್ಗೆ ವಿಡಿಯೋ ಬಂತು. ಚಿರತೆಯ ಚಿತ್ರ ಹಾಕಿದ್ದ. ಸಂಜೆಯೊಳಗೆ ನಲವತ್ತು ಸಾವಿರ ಜನ ನೋಡಿದರು. ಅವತ್ತೇ ಸುಗುಣಾ ಫೋನು ಮಾಡಿ, ಭಾನುವಾರ ಬರುತ್ತೇನೆ, ಏನು ಮಾಡುತ್ತೀಯ ಎಂದು ಕೇಳಿದಳಂತೆ. ಏನು ಮಾಡುತ್ತೀಯ ಎಂದು ಕೇಳಿದಳು ಎನ್ನುವುದನ್ನು ಕೊಂಡಮ್ಮ ನನಗೆ ಎರಡು ಸಲ ಹೇಳಿದಳು. ಅವರೆಕಾಯಿ ತಂದು, ಕಾಳು ಬಿಡಿಸಿ ನೆನೆಹಾಕಿ, ಶನಿವಾರ ರಾತ್ರಿಯೆಲ್ಲ ಒಂದೊಂದೇ ಕಾಳಿನ ಸಿಪ್ಪೆ ಹಿದುಕಿದಳು. ಹಿದುಕಿದ ಬೇಳೆ ಸಾರು ಮಾಡುವುದೆಂದು.

ಶುಕ್ರವಾರ ರಾಮಕೃಷ್ಣಪ್ಪ ಎನ್ನುವವನು ಹೊರಬಿದ್ದ. ಕೃಷ್ಣಗಿರಿಯಲ್ಲಿ ವಜ್ರವಲ್ಲಿಯ ಅಭಿಮಾನಿ ಸಂಘದವನು. ಆಕೆ ಯಾವ ದಿನ ಎಲ್ಲಿದ್ದಳು, ಏನು ಉಟ್ಟಿದ್ದಳು ಎನ್ನುವುದನ್ನೆಲ್ಲ ಪೇಪರಿನಿಂದ ಕತ್ತರಿಸಿ ಅಂಟಿಸಿಟ್ಟುಕೊಂಡವನು. ಆ ವರ್ಷದ ಶಿವರಾತ್ರಿಯ ಮಾರನೆ ದಿನ ಆಕೆ ಮದ್ರಾಸಿನಲ್ಲಿ ಸೀರೆ ಅಂಗಡಿಯ ರಿಬ್ಬನ್ ಕತ್ತರಿಸುತ್ತಿರುವ ಫೋಟೋವನ್ನು ಹುಡುಕಿ ವಿಡಿಯೋದ ಕೆಳಗೆ ಹಾಕಿದ. ಎಲ್ಲಿ ಬಂತು ತೊಡೆ, ಎಲ್ಲಿ ಬಂತು ಸೆರಗು ಎಂದು ಕೇಳಿದ. ಆ ಬಂಡೆಗಳಲ್ಲಿ ಯಾವ ಕಾಲದಲ್ಲೂ ಚಿರತೆ ಇರಲಿಲ್ಲ ಎಂದು ಇನ್ನೊಬ್ಬ ಬರೆದ. ಸೂಳಗಿರಿಯವರೇ ಬಂದು, ಅಯ್ಯೋ ಇವನಾ, ಇವನು ಟೋಪನ್ನಿಗೆ ಬರ್ತು ಕೊಡಿಸಿದವನು ಎಂದರು.

ಆಕೆ ಅವತ್ತು ಮದ್ರಾಸಿನಲ್ಲಿದ್ದಳು ಎಂದರೆ ಬಂಡೆಯ ಮೇಲಿಂದ ನೆಗೆದವರು ಯಾರು ಎಂದು ಒಬ್ಬನೂ ಕೇಳಲಿಲ್ಲ. ನನ್ನ ಬಾಯಿಂದ ಆ ಸೆರಗು, ಆ ಕಣ್ಣೀರು ಬರದೇ ಇದ್ದಿದ್ದರೆ ಆ ಫೋಟೋವೇ ಸಾಕ್ಷಿಯಾಗುತ್ತಿತ್ತು. ಮೂವತ್ತು ವರ್ಷ ಕಾದಿಟ್ಟ ಹಾಗೆ ಒಂದು ಸಾಕ್ಷಿ ತಾನಾಗಿ ಬಂತು. ನಾನು ಅದನ್ನು ಅವಳ ಮೇಲೆಯೇ ತಿರುಗಿಸಿ ಕೊಟ್ಟಿದ್ದೆ.

ಸಂಜೆಗೆ ಯುವರಾಜ್ ವಿಡಿಯೋ ಅಳಿಸಿದ. ತಪ್ಪಾಯಿತು, ಹೆಸರಿನ ಆಸೆಗೆ ಸತ್ತವರ ಮೇಲೆ ಸುಳ್ಳು ಹೇಳಿದ ಇಬ್ಬರನ್ನು ನಂಬಿದೆ ಎಂದು ಕೈ ಮುಗಿದು ಇನ್ನೊಂದು ಹಾಕಿದ. ಅದನ್ನು ಲಕ್ಷ ಜನ ನೋಡಿದರು. ಕೆಳಗೆ ಎಲ್ಲೆಲ್ಲಿಯವರೋ ಬರೆದಿದ್ದರು, ಮುದುಕಿ ಎಲ್ಲಿ ಹೋಗಿ ಯಾರ ಜೊತೆ ಬಿದ್ದು ಕಾಲು ಮುರಿದುಕೊಂಡಳೋ ಎಂದು. ಮೂವತ್ತು ವರ್ಷದ ಹಿಂದೆ ನಮ್ಮ ಒಂದು ಬೀದಿ ಹೇಳಿದ್ದ ಮಾತು.

ಶನಿವಾರ ಹೊಸೂರಿಗೆ ಹೋದೆ. ಮಧ್ಯಾಹ್ನ ಮೂರಕ್ಕೆ ಶಿಫ್ಟು ಬಿಡುತ್ತದೆ. ಕಂಪನಿ ಬಸ್ಸು ನಿಲ್ಲುವ ಜಾಗದಲ್ಲಿ ಕಾದೆ. ಸುಗುಣಾ ಇಳಿದಳು, ಕುತ್ತಿಗೆಯಲ್ಲಿ ಕಾರ್ಡು. ಜೊತೆಯಲ್ಲಿ ಇಳಿದ ಹೆಂಗಸರು ಅವಳನ್ನು ಬಿಟ್ಟು ಎರಡು ಹೆಜ್ಜೆ ಮುಂದೆ ನಡೆಯುತ್ತಿದ್ದರು. ನನ್ನನ್ನು ಕಂಡು ನಿಂತಳು. ಕಬ್ಬಿನ ಹಾಲಿನ ಗಾಡಿಯ ಪಕ್ಕದ ಕಲ್ಲಿನ ಮೇಲೆ ಕೂತೆವು. ಚಿರತೆ ಸುಳ್ಳು, ವಜ್ರವಲ್ಲಿ ಅಲ್ಲಿರಲೇ ಇಲ್ಲ, ಹುಲ್ಲು ಉಬ್ಬಿಸಬೇಕಾದವನು ನಾನು, ನಾನು ಹುಣಸೆಮರದ ಕೆಳಗಿದ್ದೆ ಎಂದು ಹೇಳಿದೆ. ನಿಮ್ಮಪ್ಪ ಬಂದು ಕೇಳಿದಾಗ ಗೊತ್ತಿಲ್ಲ ಎಂದೆ, ಅದನ್ನೂ ಹೇಳಿದೆ. ಸೇರಿಸಲಿಲ್ಲ, ಬಿಡಲಿಲ್ಲ. ಐದು ನಿಮಿಷಕ್ಕೇ ಮುಗಿದುಹೋಯಿತು.

ಅವಳು ಕಾರ್ಡಿನ ದಾರವನ್ನು ಬೆರಳಲ್ಲಿ ಹಿಡಿದುಕೊಂಡು ನೆಲ ನೋಡುತ್ತಿದ್ದಳು.

"ನಂಗೆ ಏಳು ವರ್ಷ ಮಾವ," ಎಂದಳು. "ಮುದ್ದೆ ಕೋಲು ತಿರುಗ್ಸೋಕೆ ಶಕ್ತಿ ಇರ್ಲಿಲ್ಲ. ಗಂಟು ಗಂಟಾಗೋದು. ಅಪ್ಪ ಅದನ್ನೇ ತಿಂದ್ಕೊಂಡು, ಚೆನ್ನಾಗೈತೆ ಕಣವ್ವ ಅನ್ನೋನು. ಅವ್ಳು ಬಾಗ್ಲಲ್ಲಿ ಕೂತ್ಕೊಂಡು, ಹಿಟ್ಟು ಇನ್ನೂ ಬೇಯ್ಲಿ ಮಗ ಅನ್ನೋಳು. ನಾನು ತಿರುಗಿ ನೋಡ್ತಿರ್ಲಿಲ್ಲ. ಒಂದ್ಸಲ ಎಸರು ಕಾಲ್ ಮೇಲೆ ಚೆಲ್ಲಿ ಬೊಬ್ಬೆ ಬಂತು. ಎತ್ಕೊಳ್ಳಕ್ಕೆ ಬಂದ್ಲು. ಮುಟ್ಬೇಡ ಅಂದೆ."

ದಾರ ಬಿಟ್ಟು ನನ್ನ ಕಡೆ ತಿರುಗಿದಳು.

"ನೀ ಹೇಳೋದು ನಿಜ ಆದ್ರೆ ಅದೆಲ್ಲ ಏನು ಮಾವ? ಅಪ್ಪ ಏನು? ನಾನೇನು?"

ಎದ್ದಳು. ಸೀರೆಯ ಹಿಂದಿನ ದೂಳು ಕೊಡವಿಕೊಂಡಳು.

"ಸುಳ್ಳೇ ಇರ್ಲಿ ಬಿಡು," ಎಂದಳು. "ನಿಂಗೇನು, ಇನ್ನೊಂದು ಸುಳ್ಳು. ನಂಗೆ ನಿಜ ಬ್ಯಾಡ."

ಮುಂದೆ ಹೋಗಿದ್ದ ಹೆಂಗಸರನ್ನು ಕೂಡಿಕೊಳ್ಳಲು ಬೇಗ ಬೇಗ ನಡೆದಳು. ಅವರು ನಿಲ್ಲಲಿಲ್ಲ.

ಭಾನುವಾರ ಹನ್ನೊಂದರ ಹೊತ್ತಿಗೆ ಕೊಂಡಮ್ಮನ ಮನೆಗೆ ಹೋದೆ. ಹಿತ್ತಿಲಿನ ಕಲ್ಲು ಬಿಟ್ಟು ಒಳಗಿನ ಒಲೆಯಲ್ಲೇ ಬೇಯಿಸಿದ್ದಳು. ಸಾರಿನ ಪರಿಮಳ ಬೀದಿಯವರೆಗೆ ಬಂದಿತ್ತು. ನೆಲಕ್ಕೆ ಸಾರಿಸಿ, ದೊಡ್ಡ ತಟ್ಟೆ ಒಂದು, ಚಿಕ್ಕ ತಟ್ಟೆ ಒಂದು ಇಟ್ಟಿದ್ದಳು. ವಿಡಿಯೋ ಅಳಿಸಿದ್ದು, ಕೆಳಗೆ ಬರೆದದ್ದು ಯಾವುದೂ ಅವಳಿಗೆ ತಲುಪಿರಲಿಲ್ಲ. ಅವಳ ಫೋನಿನಲ್ಲಿ ಮಾತಾಡಲು ಮಾತ್ರ ಬರುತ್ತದೆ.

ದಾರಿಯುದ್ದಕ್ಕೂ ಏನಾದರೂ ಹುಟ್ಟಿಸಲು ನೋಡಿದೆ. ಮಗುವಿಗೆ ಜ್ವರ, ಕಂಪನಿಯಲ್ಲಿ ಓಟಿ, ಬಸ್ಸು ಇಲ್ಲ. ಒಂದೂ ನಿಲ್ಲಲಿಲ್ಲ. ನಡೆದದ್ದನ್ನೆಲ್ಲ ಹೇಳಿದೆ. ರಾಮಕೃಷ್ಣಪ್ಪ, ಫೋಟೋ, ಸುಗುಣಾ ಹೇಳಿದ್ದು. ಹುಲ್ಲಿನದ್ದನ್ನೂ ಅವಳಿಗೆ ಮೊದಲ ಸಲ ಹೇಳಿದೆ.

ಅವಳು ಒಲೆಯ ಮುಂದೆ ಕೂತು ಕೇಳಿದಳು. ಸೌದೆಯನ್ನು ಹಿಂದಕ್ಕೆ ಎಳೆದಳು.

"ಹುಲ್ಲು ಅಮರ್ಕೊಂಡಿದ್ದು ಮೇಲಿಂದ ಕಾಣ್ತಿತ್ತಲ್ಲಣ್ಣ," ಎಂದಳು. "ನೀನು ಮರದ ಕೆಳ್ಗೆ ಕೈ ಬೀಸ್ಕೊಂಡು ಮಾತಾಡ್ತಿದ್ದೆ. ಅದೂ ಕಾಣ್ತಿತ್ತು."

ಮತ್ತೆ ಯಾಕೆ ನೆಗೆದೆ ಎಂದು ಕೇಳಿದೆ.

"ಮೊದಲ್ನೇ ಸಲ, ಏಯ್ ನೀರಮ್ಮ ನೆಗಿ ಅಂದ್ರು. ಎರಡ್ನೇ ಸಲ ಹೆಸ್ರು ಕೇಳಿದ್ರು. ಕೊಂಡಮ್ಮ ರೆಡೀ ಅಂತ ಮೈಕ್‌ನಲ್ಲಿ ಕೂಗಿದ್ರು." ಕೆಂಡವನ್ನು ಬೂದಿಯಲ್ಲಿ ಮುಚ್ಚುತ್ತಾ ಹೇಳಿದಳು, "ಅಷ್ಟು ಜನ ತಲೆ ಎತ್ಕೊಂಡು ನೋಡ್ತಾವ್ರೆ. ಹುಲ್ಲು ಸರಿ ಇಲ್ಲ ಅಂತ ಹೆಂಗಣ್ಣ ಹೇಳೋದು?"

ಹನ್ನೆರಡಾಯಿತು, ಒಂದಾಯಿತು. ಬೀದಿಯಲ್ಲಿ ಆಟೋ ಶಬ್ದವಾದಾಗ ಒಮ್ಮೆ ತಲೆ ಎತ್ತಿದಳು. ಅದು ಮುಂದೆ ಹೋಯಿತು. ನಾನು ಉಣ್ಣುತ್ತೇನೆ, ಬಡಿಸು ಎಂದೆ. ಅವಳು ನನ್ನ ಮುಖ ನೋಡಿದಳು.

"ನಿಂಗೆ ಬ್ಯಾಡಣ್ಣ," ಎಂದಳು. ಸಿಟ್ಟಿರಲಿಲ್ಲ. "ಇದು ಅವಳ್ಗೆ ಅಂತ ಮಾಡಿದ್ದು."

ಎರಡು ತಟ್ಟೆಯನ್ನೂ ಎತ್ತಿ ಗೋಡೆಗೆ ಒರಗಿಸಿದಳು. ಗೋಡೆ ಹಿಡಿದು ಎದ್ದು, ಸಾರಿನ ಪಾತ್ರೆಯನ್ನು ಸೊಂಟಕ್ಕೆ ಆನಿಸಿಕೊಂಡು, ಕುಂಟುತ್ತಾ ಹಿತ್ತಿಲಿಗೆ ಹೋದಳು. ಹಿಡಿದುಕೊಳ್ಳಲು ಹೋದವನನ್ನು ಕೈಯಲ್ಲೇ ತಡೆದಳು. ಹಸುವಿನ ಕಲಗಚ್ಚಿನ ಬಾನಿಗೆ ಅದನ್ನು ಪೂರ್ತಿ ಸುರಿದು, ತಳದಲ್ಲಿ ಅಂಟಿದ್ದ ಬೇಳೆಯನ್ನು ಬೆರಳಿನಿಂದ ಬಳಿದು ಹಾಕಿ, ಅಲ್ಲೇ ಬಗ್ಗಿ ಪಾತ್ರೆ ತೊಳೆಯಲು ಕೂತಳು.